ಹೆಸರಿಲ್ಲದೆ ಮನೆಗೆ ಕಳುಹಿಸುವುದಿಲ್ಲ: ಅಮೆರಿಕದ ವಲಸೆ ಸಾಹಿತ್ಯವನ್ನು ಓದುವ ಬಗೆ

1968ರ ಆಗಸ್ಟ್ ತಿಂಗಳು. ಅಮೆರಿಕದ ಕೇಂಬ್ರಿಜ್ ಊರಿನ ಆಸ್ಪತ್ರೆಯೊಂದರಲ್ಲಿ ಬಂಗಾಳಿ ದಂಪತಿಗೆ ಗಂಡುಮಗು ಹುಟ್ಟಿದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಇನ್ನೇನು ಮನೆಗೆ ಹೊರಡಬೇಕು. ಆದರೆ ಜನನ ಪತ್ರದಲ್ಲಿ ಹೆಸರು ಬರೆಯದೆ ಮಗುವನ್ನು ಕಳುಹಿಸುವಂತಿಲ್ಲ ಎನ್ನುತ್ತಾರೆ ಆಸ್ಪತ್ರೆಯವರು. ದಂಪತಿಯ ಬಳಿ ಹೆಸರಿಲ್ಲ. ಹೆಸರು ಇಡಬೇಕಾದವರು ತಾಯಿಯ ಅಜ್ಜಿ. ಎಂಬತ್ತು ದಾಟಿದ ಆ ಮುದುಕಿ ಹೆಣ್ಣಿಗೊಂದು, ಗಂಡಿಗೊಂದು ಹೆಸರು ಬರೆದು, ಯಾರಿಗೂ ಹೇಳದೆ ತಾವೇ ಅಂಚೆಗೆ ಹಾಕಿದ್ದಾರೆ. ಆ ಕಾಗದ ಬಂದಿಲ್ಲ. ಅದು ಕೊನೆಯವರೆಗೂ ಬರುವುದಿಲ್ಲ.

ಜುಂಪಾ ಲಾಹಿರಿ 2003ರಲ್ಲಿ ಬರೆದ 'ದಿ ನೇಮ್‌ಸೇಕ್' ಕಾದಂಬರಿಯ ಆರಂಭದ ಪ್ರಸಂಗವಿದು. ಅಮೆರಿಕದ ವಲಸೆ ಸಾಹಿತ್ಯದಲ್ಲಿ ಮತ್ತೆ ಮತ್ತೆ ಎದುರಾಗುವ 'ಸಂಪ್ರದಾಯ ಮತ್ತು ಅಮೆರಿಕನ್ ಬದುಕಿನ ಸಂಘರ್ಷ' ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಏಕೆಂದರೆ ಇಲ್ಲಿ ಜಗಳವಿಲ್ಲ, ಯಾರೂ ಯಾರನ್ನೂ ಕೀಳಾಗಿ ಕಾಣುತ್ತಿಲ್ಲ. ಆಸ್ಪತ್ರೆಯವನು ತನ್ನ ಕೆಲಸ ಮಾಡುತ್ತಿದ್ದಾನೆ, ದಂಪತಿ ತಮಗೆ ತಿಳಿದ ರೀತಿಯಲ್ಲಿ ಕಾಯುತ್ತಿದ್ದಾರೆ. ನಡುವೆ ಒಂದು ಖಾಲಿ ಅರ್ಜಿ ಇದೆ, ಅಷ್ಟೆ.

ಬಂಗಾಳಿಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಮನೆಯವರು ಕರೆಯುವುದು 'ಡಾಕ್‌ನಾಮ್', ಹೊರಗಿನ ಜಗತ್ತಿಗೆ 'ಭಾಲೋನಾಮ್', ಅಂದರೆ ಒಳ್ಳೆಯ ಹೆಸರು. ಒಳ್ಳೆಯ ಹೆಸರಿಗೆ ಅವಸರವಿಲ್ಲ. ಮಗು ಶಾಲೆಗೆ ಸೇರುವ ಹೊತ್ತಿಗೆ ಸಿಕ್ಕರೂ ಆಯಿತು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಮಕರಣದವರೆಗೆ ನಮ್ಮ ಮನೆಗಳಲ್ಲೂ ಮಗು ಪಾಪುವೋ ಪುಟ್ಟನೋ ಆಗಿರುತ್ತದೆ, ಎಷ್ಟೋ ಪುಟ್ಟಂದಿರು ಮೊಮ್ಮಕ್ಕಳನ್ನು ಕಂಡ ಮೇಲೂ ಮನೆಮಂದಿಗೆ ಪುಟ್ಟನಾಗಿಯೇ ಉಳಿಯುತ್ತಾರೆ. ಕೋಲ್ಕತ್ತದಲ್ಲಿ ಈ ಪದ್ಧತಿ ಇದೆ ಎಂಬುದೇ ಯಾರ ಗಮನಕ್ಕೂ ಬರುವುದಿಲ್ಲ, ಅದು ಗಾಳಿಯ ಹಾಗೆ. ಕೇಂಬ್ರಿಜ್ಜಿನ ಅರ್ಜಿಯ ಮುಂದೆ ಮಾತ್ರ ಅದು ಥಟ್ಟನೆ 'ನಮ್ಮ ಸಂಪ್ರದಾಯ'ವಾಗುತ್ತದೆ. ವಿವರಿಸಬೇಕಾದ, ಸಮರ್ಥಿಸಬೇಕಾದ, ಕೊನೆಗೆ ಬಿಟ್ಟುಕೊಡಬೇಕಾದ ವಸ್ತುವಾಗುತ್ತದೆ. ತಂದೆ ಅಶೋಕ್ ಅವಸರಕ್ಕೆ ಒಂದು ಡಾಕ್‌ನಾಮ್ ಬರೆಸುತ್ತಾನೆ: ಗೊಗೊಲ್. 1961ರಲ್ಲಿ ರೈಲು ಅಪಘಾತದಲ್ಲಿ ಸಿಕ್ಕಿಬಿದ್ದಿದ್ದಾಗ ಅವನ ಕೈಯಲ್ಲಿದ್ದ ಪುಸ್ತಕದ ಹಾಳೆಯೊಂದು ರಕ್ಷಣೆಗೆ ಬಂದವರ ಕಣ್ಣಿಗೆ ಬಿದ್ದು ಅವನು ಬದುಕಿದ್ದ. ರಷ್ಯನ್ ಲೇಖಕ ಗೊಗೊಲ್‌ನ ಕಥೆಗಳು ಅವು. ಮಗನಿಗೆ ಈ ವಿಷಯ ತಿಳಿಯುವುದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ಅವನು ಆ ಹೆಸರನ್ನು ದ್ವೇಷಿಸಿ, ನ್ಯಾಯಾಲಯಕ್ಕೆ ಹೋಗಿ, ನಿಖಿಲ್ ಎಂದು ಬದಲಾಯಿಸಿಕೊಂಡಿರುತ್ತಾನೆ.

ವಲಸೆ ಕಥನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಹಿರಿಯರು ಪೆಟ್ಟಿಗೆಯಲ್ಲಿ ಸಂಪ್ರದಾಯವನ್ನು ತುಂಬಿಕೊಂಡು ಹಡಗು ಅಥವಾ ವಿಮಾನ ಇಳಿದರು, ಅಲ್ಲಿ ಅಮೆರಿಕ ಎಂಬ ಸ್ವಾತಂತ್ರ್ಯ ಕಾದಿತ್ತು, ಮಕ್ಕಳು ಅದರ ಕಡೆ ಎಳೆದರು, ಇವರು ಇದರ ಕಡೆ ಎಳೆದರು. ಈ ಚಿತ್ರ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯವಾದದ್ದೊಂದನ್ನು ಮರೆಮಾಡುತ್ತದೆ. ಈ ಪುಸ್ತಕಗಳಲ್ಲಿ ಸಂಪ್ರದಾಯ ಎಂದು ಕಾಣುವ ಎಷ್ಟೋ ಸಂಗತಿಗಳು ಊರಿನಿಂದ ಹಾಗೇ ಬಂದವಲ್ಲ. ಅವು ಅಮೆರಿಕದ ಅರ್ಜಿ, ಕಾನೂನು, ಬಾಡಿಗೆ, ವಾರದ ಲೆಕ್ಕಾಚಾರಗಳಿಗೆ ತಗುಲಿ ಅಲ್ಲೇ ಹೊಸ ರೂಪ ಪಡೆದವು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಪುಸ್ತಕಗಳು ಬೇರೆಯದೇ ರೀತಿಯಲ್ಲಿ ತೆರೆದುಕೊಳ್ಳುತ್ತವೆ.

ಹಳೆಯ ಉದಾಹರಣೆ ಯಹೂದಿಗಳದು. 1880ರಿಂದ 1920ರವರೆಗಿನ ನಲವತ್ತು ವರ್ಷಗಳಲ್ಲಿ ಎರಡು ಕೋಟಿಗೂ ಹೆಚ್ಚು ಜನ ಅಮೆರಿಕಕ್ಕೆ ಬಂದರು, ಬಹುಪಾಲು ಯುರೋಪಿನಿಂದ. 1892ರಲ್ಲಿ ತೆರೆದ ನ್ಯೂಯಾರ್ಕಿನ ಎಲಿಸ್ ದ್ವೀಪದ ತಪಾಸಣಾ ಕೇಂದ್ರದ ಮೂಲಕವೇ ಅವರಲ್ಲಿ ಹೆಚ್ಚಿನವರು ಒಳಹೊಕ್ಕರು. ಅಲ್ಲಿನ ಅಧಿಕಾರಿಗಳು ಬಾಯಿ ತಿರುಗದ ಹೆಸರುಗಳನ್ನು ಕತ್ತರಿಸಿ ಹೊಸ ಹೆಸರು ಬರೆದರು ಎಂಬ ಕಥೆ ಅಮೆರಿಕದ ಮನೆಮನೆಯಲ್ಲೂ ಇದೆ. ಅದು ನಿಜವಲ್ಲ. ಅಧಿಕಾರಿಗಳ ಕೈಯಲ್ಲಿ ಇದ್ದದ್ದು ಹಡಗಿನವರು ಹೊರಟ ಬಂದರಿನಲ್ಲೇ ಸಿದ್ಧಪಡಿಸಿದ ಪಟ್ಟಿ, ಅವರು ಅದಕ್ಕೆ ಗುರುತು ಹಾಕುತ್ತಿದ್ದರು. ಹೆಸರು ಬದಲಾಯಿಸಿಕೊಂಡದ್ದು ಬಹುಪಾಲು ಜನರೇ, ಆಮೇಲೆ, ಕೆಲಸಕ್ಕಾಗಿ, ಶಾಲೆಗಾಗಿ, ಅವಮಾನ ತಪ್ಪಿಸಿಕೊಳ್ಳುವುದಕ್ಕಾಗಿ. ಯಾರೋ ಕಿತ್ತುಕೊಂಡರು ಎಂದು ಹೇಳಿಕೊಳ್ಳುವುದಕ್ಕಿಂತ ನಾವೇ ಬಿಟ್ಟೆವು ಎಂದು ಒಪ್ಪಿಕೊಳ್ಳುವುದು ಮೊಮ್ಮಕ್ಕಳಿಗೆ ಹೆಚ್ಚು ನೋವಿನದಾಗಿರಬೇಕು.

ಆ ಕಾಲದ ಲೇಖಕಿ ಆಂಜಿಯಾ ಯೆಜೀರ್ಸ್ಕಾ. ಅಮೆರಿಕಕ್ಕೆ ಬಂದ ಮೇಲೆ ಹ್ಯಾಟಿ ಮೇಯರ್ ಆಗಿದ್ದವರು, ಬೆಳೆದ ಮೇಲೆ ಮೊದಲಿನ ಹೆಸರಿಗೆ ಮರಳಿದವರು. 1925ರಲ್ಲಿ ಬಂದ ಅವರ 'ಬ್ರೆಡ್ ಗಿವರ್ಸ್' ಕಾದಂಬರಿಯಲ್ಲಿ ನ್ಯೂಯಾರ್ಕಿನ ಹೆಸ್ಟರ್ ಬೀದಿಯ ಇಕ್ಕಟ್ಟಿನ ಮನೆ, ನಾಲ್ವರು ಹೆಣ್ಣುಮಕ್ಕಳು, ಹಗಲೂ ರಾತ್ರಿ ಧರ್ಮಗ್ರಂಥ ಓದುವ ತಂದೆ ರೆಬ್ ಸ್ಮೊಲಿನ್ಸ್ಕಿ. ಅವನು ದುಡಿಯುವುದಿಲ್ಲ, ಹೆಣ್ಣುಮಕ್ಕಳು ದುಡಿದು ಸಾಕುತ್ತಾರೆ. ಹಿರಿಯ ಮಗಳು ಬೆಸ್ಸಿಯನ್ನು ವರದಕ್ಷಿಣೆಯಿಲ್ಲದೆ ಮದುವೆಯಾಗಲು ಒಬ್ಬ ಮುಂದೆ ಬಂದರೆ, ಅವಳ ಸಂಬಳ ಕೈತಪ್ಪುತ್ತದಲ್ಲ ಎಂದು ತಂದೆ ಅವನ ಮುಂದೆ ಬೇಡಿಕೆಗಳನ್ನಿಟ್ಟು ಓಡಿಸುತ್ತಾನೆ. ಕೊನೆಗೆ ಅವಳು ಮಕ್ಕಳಿರುವ ವಿಧುರ ಮೀನು ವ್ಯಾಪಾರಿಯ ಪಾಲಾಗುತ್ತಾಳೆ.

ಈ ತಂದೆಯನ್ನು ಕಟುಕ ಎಂದು ಬಿಡುವುದು ಸುಲಭ. ಆದರೆ ಪೂರ್ವ ಯುರೋಪಿನ ಯಹೂದಿ ಊರುಗಳಲ್ಲಿ ವಿದ್ವಾಂಸನಾದ ಅಳಿಯ ಸಿಗುವುದು ಉಳ್ಳವರ ಮನೆಗೆ ಹೆಮ್ಮೆ. ಮಾವ ಸಾಕುತ್ತಿದ್ದ, ಊರು ಗೌರವಿಸುತ್ತಿತ್ತು, ಅವನ ಓದಿನ ಪುಣ್ಯದಲ್ಲಿ ಎಲ್ಲರಿಗೂ ಪಾಲಿತ್ತು. ನ್ಯೂಯಾರ್ಕಿನಲ್ಲಿ ಆ ಮಾವ ಇಲ್ಲ, ಆ ಊರಿಲ್ಲ, ತಿಂಗಳ ಬಾಡಿಗೆ ಇದೆ. ಇಡೀ ಊರು ಹೊರುತ್ತಿದ್ದ ಭಾರ ನಾಲ್ಕು ಹುಡುಗಿಯರ ಹೆಗಲಿಗೆ ಬಿತ್ತು. ಸಂಪ್ರದಾಯ ಅದೇ, ಅದನ್ನು ಹೊತ್ತಿದ್ದ ಕಂಬಗಳು ಮಾತ್ರ ಇಲ್ಲವಾದವು. ಕಿರಿಯ ಮಗಳು ಸಾರಾ ಮನೆಬಿಟ್ಟು, ಓದಿ, ಶಿಕ್ಷಕಿಯಾಗುತ್ತಾಳೆ. ಕೊನೆಯಲ್ಲಿ ಅದೇ ತಂದೆ ಅವಳ ಮನೆಗೆ ಬರುವ ಹಾಗಾಗುತ್ತದೆ, ಗೆದ್ದೆ ಎಂದು ಅವಳಿಗೆ ಅನ್ನಿಸುವುದಿಲ್ಲ.

ಯೆಜೀರ್ಸ್ಕಾ ಅವರ ಮನೆಯ ಜಗಳ ಕೂಲಿಯ ಬಗ್ಗೆ, ಲಾಹಿರಿ ಅವರ ಮನೆಯ ಸಂಕಟ ಒಂದು ಹೆಸರಿನ ಬಗ್ಗೆ. ಇಷ್ಟು ಅಂತರ ಏಕೆ? ಉತ್ತರ ಸಂಸ್ಕೃತಿಯಲ್ಲಿಲ್ಲ, ಕಾನೂನಿನಲ್ಲಿದೆ. 1924ರ ವಲಸೆ ಕಾಯ್ದೆ ದೇಶವಾರು ಮಿತಿ ಹಾಕಿ ದಕ್ಷಿಣ ಮತ್ತು ಪೂರ್ವ ಯುರೋಪಿನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು, ಏಷ್ಯಾದವರಿಗಂತೂ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. 1946ರಲ್ಲಿ ಭಾರತೀಯರಿಗೆ ಸಿಕ್ಕ ಅವಕಾಶ ವರ್ಷಕ್ಕೆ 100 ಜನರಿಗೆ. 1965ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕುಳಿತು ಸಹಿ ಹಾಕಿದ ಹೊಸ ಕಾಯ್ದೆ ಈ ದೇಶವಾರು ಪದ್ಧತಿಯನ್ನು ಕೊನೆಗಾಣಿಸಿ, ಕುಟುಂಬ ಸಂಬಂಧಕ್ಕೂ ವೃತ್ತಿ ಕೌಶಲಕ್ಕೂ ಆದ್ಯತೆ ಕೊಟ್ಟಿತು. ಆಗ ನಮ್ಮಲ್ಲಿಂದ ಹೊರಟವರು ವೈದ್ಯರು, ಎಂಜಿನಿಯರುಗಳು, ಸಂಶೋಧಕರು. ಲಾಹಿರಿ ಅವರ ಅಶೋಕ್ ಪ್ರತಿಷ್ಠಿತ ತಾಂತ್ರಿಕ ಸಂಸ್ಥೆಯಲ್ಲಿ ಸಂಶೋಧನೆ ಮಾಡುವವನು. ಅವನ ಮನೆಯಲ್ಲಿ ಹಸಿವಿಲ್ಲ. ಹಾಗಾಗಿಯೇ ಅಲ್ಲಿ ಒಂಟಿತನ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕಾನೂನು ಮನೆಯೊಳಗೆ ಎಷ್ಟು ಆಳವಾಗಿ ಇಳಿಯುತ್ತದೆ ಎಂಬುದಕ್ಕೆ ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಅವರ 'ದಿ ವುಮನ್ ವಾರಿಯರ್' ನೋಡಬೇಕು. 1976ರ ಈ ಪುಸ್ತಕ, ನಾನು ಈಗ ಹೇಳುವುದನ್ನು ಯಾರಿಗೂ ಹೇಳಬಾರದು ಎಂದು ತಾಯಿ ಮಗಳಿಗೆ ಹೇಳುವ ಮಾತಿನಿಂದ ಶುರುವಾಗುತ್ತದೆ. ಚೀನಾದಲ್ಲಿದ್ದ ಒಬ್ಬ ಸೋದರತ್ತೆ, ಮದುವೆಯ ಹೊರಗೆ ಬಸಿರಾಗಿ, ಹೆತ್ತ ಕೂಸಿನೊಂದಿಗೆ ಮನೆಯ ಬಾವಿಗೆ ಬಿದ್ದು ಸತ್ತವಳು. ಮನೆಯವರು ಅವಳ ಹೆಸರನ್ನೇ ಅಳಿಸಿದ್ದಾರೆ. ಮನೆಯ ಗುಟ್ಟು ಹೊರಗೆ ಹೋಗಬಾರದು ಎಂಬ ಈ ಕಟ್ಟುಪಾಡನ್ನು ಮುರಿದೇ ಮಗಳು ಲೇಖಕಿಯಾಗುತ್ತಾಳೆ.

ಇಲ್ಲಿಯವರೆಗೆ ಅದು ನಮಗೆ ಪರಿಚಿತವಾದ ಕಥೆ: ಅಲ್ಲಿನ ಮೌನ, ಇಲ್ಲಿನ ಮಾತು. ಆದರೆ ಪುಸ್ತಕ ಅಷ್ಟಕ್ಕೆ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಆ ಚೀನಿ ಕೇರಿಯಲ್ಲಿ ಹಿರಿಯರು ಮಕ್ಕಳಿಗೆ ತಮ್ಮ ನಿಜವಾದ ಹೆಸರುಗಳನ್ನೂ ಹೇಳುವುದಿಲ್ಲ, ಪೊಲೀಸರಿಗೆ ಹೇಳುವ ಹೆಸರನ್ನು ಬದಲಾಯಿಸುತ್ತಿರಿ ಎನ್ನುತ್ತಾರೆ. ಇದು ಚೀನಾದ ಪದ್ಧತಿಯೇ? ಅಲ್ಲ. 1882ರ ಕಾಯ್ದೆ ಚೀನಿ ಕೂಲಿಕಾರರ ಪ್ರವೇಶವನ್ನೇ ನಿಷೇಧಿಸಿತ್ತು, ಅದು ರದ್ದಾದದ್ದು 1943ರಲ್ಲಿ. ನಡುವೆ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಮತ್ತು ಬೆಂಕಿಯಲ್ಲಿ ಜನನ ದಾಖಲೆಗಳು ಸುಟ್ಟುಹೋದವು. ತಾವು ಇಲ್ಲೇ ಹುಟ್ಟಿದವರು ಎಂದು ಅನೇಕರು ಹೇಳಿಕೊಂಡರು, ಊರಿನಲ್ಲಿ ತಮಗೆ ಮಕ್ಕಳಿದ್ದಾರೆ ಎಂದು ಬರೆಸಿದರು, ಆ ಹೆಸರಿನಲ್ಲಿ ಬೇರೆಯವರ ಮಕ್ಕಳು ಬಂದರು. 'ಕಾಗದದ ಮಕ್ಕಳು' ಎಂದೇ ಅವರಿಗೆ ಹೆಸರಾಯಿತು. ಒಂದು ಮಾತು ತಪ್ಪಿದರೆ ಗಡೀಪಾರು. ಅಂಥ ಮನೆಗಳಲ್ಲಿ ಮೌನ ಎಂದರೆ ಬದುಕುವ ಉಪಾಯ. ಮಕ್ಕಳು ಅದನ್ನು ಚೀನಿ ಸ್ವಭಾವ ಎಂದುಕೊಂಡು ಬೆಳೆದರು, ಶಿಕ್ಷಕರೂ ಹಾಗೆಯೇ ಎಂದುಕೊಂಡರು.

ಆ ಶಾಲೆಯ ಒಂದು ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಪುಟ್ಟ ಹುಡುಗಿ ತಾನು ಬರೆದ ಚಿತ್ರಗಳ ಮೇಲೆಲ್ಲ ಕಪ್ಪು ಬಣ್ಣ ಬಳಿಯುತ್ತಾಳೆ. ಶಿಕ್ಷಕರಿಗೆ ಗಾಬರಿ, ತಂದೆತಾಯಿಯನ್ನು ಕರೆಸುತ್ತಾರೆ. ಅವಳು ಬಳಿದದ್ದು ನಾಟಕದ ಪರದೆಯನ್ನು. ಇನ್ನೊಂದು ಗಳಿಗೆಯಲ್ಲಿ ಅದು ಮೇಲೇಳುತ್ತದೆ, ಹಿಂದೆ ಬೆಳಕಿದೆ. ಅದೇ ಹುಡುಗಿ ಗಟ್ಟಿಯಾಗಿ ಓದುವಾಗ ಇಂಗ್ಲಿಷಿನ 'ಐ' ಅಕ್ಷರದ ಮುಂದೆ ತಡವರಿಸುತ್ತಾಳೆ. ಚೀನಿ ಲಿಪಿಯಲ್ಲಿ 'ನಾನು' ಎಂದು ಬರೆಯಲು ಏಳು ಗೆರೆ ಬೇಕು. ಇಲ್ಲಿ ಮೂರೇ ಗೆರೆ, ನಡುವಿನದು ನೆಟ್ಟಗೆ ನಿಂತಿದೆ. ಅಮೆರಿಕದ ವ್ಯಕ್ತಿವಾದ ಎಂಬ ದೊಡ್ಡ ಮಾತನ್ನು ಇಷ್ಟು ಸಣ್ಣದರಲ್ಲಿ ಹಿಡಿದವರನ್ನು ನಾನು ಬೇರೆ ಓದಿಲ್ಲ.

ಕಾನೂನಿಗೆ ಸಂಬಂಧವಿಲ್ಲದ, ಬರೀ ಮಾತಿನ ರೀತಿಯಿಂದ ಹುಟ್ಟುವ ಅಂತರವೂ ಉಂಟು. ಏಮಿ ಟ್ಯಾನ್ ಅವರ 'ದಿ ಜಾಯ್ ಲಕ್ ಕ್ಲಬ್' (1989) ಕಾದಂಬರಿಯಲ್ಲಿ ವೇವರ್ಲಿ ಎಂಬಾಕೆ ತಾನು ಮದುವೆಯಾಗಲಿರುವ ಅಮೆರಿಕನ್ ಹುಡುಗ ರಿಚ್‌ನನ್ನು ತವರಿನ ಊಟಕ್ಕೆ ಕರೆತರುತ್ತಾಳೆ. ತಾಯಿ ಲಿಂಡೊ ತನ್ನ ಹೆಮ್ಮೆಯ ಅಡುಗೆಯನ್ನು ತಂದಿಟ್ಟು, ತಾನೇ ರುಚಿ ನೋಡಿ, ಉಪ್ಪು ಸಾಲದು, ಸಪ್ಪೆಯಾಗಿದೆ ಎನ್ನುತ್ತಾಳೆ. ಮನೆಯವರಿಗೆಲ್ಲ ಇದರ ಅರ್ಥ ಗೊತ್ತು: ಈಗ ತಿಂದು, ಇದಕ್ಕಿಂತ ರುಚಿ ಉಂಟೇ ಎನ್ನಬೇಕು. ರಿಚ್ ಮಾತನ್ನು ಮಾತಾಗಿಯೇ ತೆಗೆದುಕೊಂಡು, ಸಹಾಯ ಮಾಡುವ ಉತ್ಸಾಹದಲ್ಲಿ, ಇಡೀ ಪದಾರ್ಥದ ಮೇಲೆ ಸೋಯಾ ಸಾಸ್ ಸುರಿಯುತ್ತಾನೆ. ಹೊರಡುವಾಗ ಅತ್ತೆ ಮಾವ ಆಗಲಿರುವವರ ಕೈಕುಲುಕಿ 'ಲಿಂಡಾ, ಟಿಮ್' ಎಂದು ಹೆಸರು ಹಿಡಿದು ಬೀಳ್ಕೊಳ್ಳುತ್ತಾನೆ. ಅವರ ಹೆಸರು ಲಿಂಡೊ ಮತ್ತು ಟಿನ್. ಹತ್ತಿರದ ಕೆಲವು ಹಿರಿಯ ಸ್ನೇಹಿತರ ಹೊರತು ಅವರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ. ಊಟ ಚೆನ್ನಾಗಿ ನಡೆಯಿತು ಎಂದೇ ಅವನ ನಂಬಿಕೆ.

"ಏನೂ ವಿಶೇಷ ಮಾಡಿಲ್ಲ, ಇದ್ದದ್ದರಲ್ಲಿ ಒಂದು ತುತ್ತು ಊಟ ಮಾಡಿ" ಎಂದು ಹೋಳಿಗೆ ಬಡಿಸುವ ಮನೆಯಲ್ಲಿ ಬೆಳೆದವರಿಗೆ ಲಿಂಡೊ ಅಪರಿಚಿತಳಲ್ಲ. ಹಾಗೆಂದು ರಿಚ್ ಒರಟನೂ ಅಲ್ಲ. ಅವನು ಬೆಳೆದಲ್ಲಿ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳುವುದೇ ಎದುರಿನವರಿಗೆ ತೋರುವ ಗೌರವ. ಈ ದೃಶ್ಯದ ನಿಜವಾದ ಕೇಂದ್ರ ವೇವರ್ಲಿ. ಮೇಜಿನ ಮೇಲೆ ನಡೆಯುತ್ತಿರುವ ಎರಡೂ ಮಾತುಗಳು ಅರ್ಥವಾಗುವುದು ಅವಳೊಬ್ಬಳಿಗೇ, ಎರಡನ್ನೂ ತಡೆಯಲು ಅವಳಿಂದ ಆಗುವುದಿಲ್ಲ. ವಲಸೆಯ ಎರಡನೆಯ ತಲೆಮಾರು ಎಂದರೆ ಆ ಕುರ್ಚಿಯಲ್ಲಿ ಕುಳಿತವರು.

ಮತ್ತೆ 'ದಿ ನೇಮ್‌ಸೇಕ್'ಗೆ ಬರುತ್ತೇನೆ, ಏಕೆಂದರೆ ಅಲ್ಲೇ ಸಂಪ್ರದಾಯದ ರಿಪೇರಿ ಕೆಲಸ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಗೊಗೊಲ್‌ನ ತಾಯಿ ಅಶಿಮಾ ತುಂಬು ಬಸುರಿಯಾಗಿದ್ದಾಗ ಅಮೆರಿಕದ ಪೊಟ್ಟಣದ ಅಕ್ಕಿ ಅರಳಿಗೆ ಕಡಲೆಕಾಯಿ, ಈರುಳ್ಳಿ, ಉಪ್ಪು, ನಿಂಬೆರಸ, ಹಸಿಮೆಣಸಿನಕಾಯಿ ಬೆರೆಸಿ ಕೋಲ್ಕತ್ತದ ಬೀದಿಬದಿಯ ಝಾಲ್‌ಮುರಿ ಮಾಡಲು ನೋಡುತ್ತಾಳೆ. ಸಾಸಿವೆ ಎಣ್ಣೆ ಇಲ್ಲ. ಎಲ್ಲವೂ ಇದ್ದು ಒಂದು ಮಾತ್ರ ಇಲ್ಲದ ಆ ರುಚಿಯೇ ಕಾದಂಬರಿಯ ಉದ್ದಕ್ಕೂ ಹರಿಯುತ್ತದೆ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಒಡಪು ಹಾಕಿ ಹೆಸರು ಹೇಳುವ ಉತ್ತರ ಕರ್ನಾಟಕದ ಹೆಂಗಸರಿಗೆ ಇದೇನು ವಿಚಿತ್ರವಲ್ಲ. ಮಗುವಿನ ಅನ್ನಪ್ರಾಶನಕ್ಕೆ ಸೋದರಮಾವ ಬೇಕು, ಅಶಿಮಾಳ ತಮ್ಮ ಕೋಲ್ಕತ್ತದಲ್ಲಿದ್ದಾನೆ, ಪರಿಚಯದ ಬಂಗಾಳಿಯೊಬ್ಬ ಆ ಜಾಗದಲ್ಲಿ ಕುಳಿತು ಅನ್ನ ಉಣಿಸುತ್ತಾನೆ. ಮಗುವಿನ ಮುಂದೆ ತಟ್ಟೆ ಹಿಡಿಯುತ್ತಾರೆ. ಅದರಲ್ಲಿ ಮನೆಯ ಹಿತ್ತಲಿನಿಂದ ಅಗೆದು ತಂದ ಕೇಂಬ್ರಿಜ್ಜಿನ ತಣ್ಣನೆಯ ಮಣ್ಣು, ಒಂದು ಪೆನ್ನು, ಒಂದು ಡಾಲರ್ ನೋಟು. ಜಮೀನೋ ವಿದ್ಯೆಯೋ ಹಣವೋ, ಮಗು ಏನನ್ನು ಮುಟ್ಟುತ್ತದೆ ಎಂದು ಎಲ್ಲರೂ ಕಾಯುತ್ತಾರೆ. ಗೊಗೊಲ್ ಯಾವುದನ್ನೂ ಮುಟ್ಟದೆ ಅಳುತ್ತಾನೆ.

ಈ ಶಾಸ್ತ್ರವನ್ನು ಬಂಗಾಳದ್ದು ಎನ್ನುವುದೋ ಅಮೆರಿಕದ್ದು ಎನ್ನುವುದೋ? ಮಣ್ಣು ಅಲ್ಲಿನದು, ನೋಟು ಅಲ್ಲಿನದು, ಮಾವ ಎರವಲು. ಕಾದಂಬರಿಯ ಬಂಗಾಳಿಗಳು ಪೂಜೆಗಳನ್ನೂ ಪಂಚಾಂಗದ ದಿನ ಬಿಟ್ಟು ಅನುಕೂಲದ ಶನಿವಾರಕ್ಕೆ ಇಟ್ಟುಕೊಳ್ಳುತ್ತಾರೆ. ಅಮೆರಿಕದ ಕನ್ನಡ ಕೂಟಗಳಲ್ಲಿ ಯುಗಾದಿಯೂ ಗಣೇಶನೂ ವಾರಾಂತ್ಯಕ್ಕೆ ಸರಿಯುವುದನ್ನು ಬಲ್ಲವರಿಗೆ ಇದು ಗೊತ್ತಿರುವ ಮಾತೇ. ಇದನ್ನು ಕೆಟ್ಟುಹೋದ ಸಂಪ್ರದಾಯ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಮಾವನಿಲ್ಲದ ಊರಿನಲ್ಲಿ ಮಾವನೊಬ್ಬನನ್ನು ಕಟ್ಟಿಕೊಂಡ ಆ ಜನರ ಶ್ರಮದ ಬಗ್ಗೆ ನನಗೆ ಆಳವಾದ ಗೌರವವಿದೆ.

ಈ ಸಾಹಿತ್ಯದ ಬಗ್ಗೆ ಆಕ್ಷೇಪಗಳೂ ಇವೆ, ಅವನ್ನು ಹೇಳದೆ ಹೋಗುವುದು ಸರಿಯಲ್ಲ. ಕಿಂಗ್‌ಸ್ಟನ್ ಚೀನಾದ ಪುರಾಣಗಳನ್ನು ಬಿಳಿಯ ಓದುಗರಿಗಾಗಿ ತಿರುಚಿದರು ಎಂದು ಚೀನಿ ಮೂಲದವರೇ ಆದ ಅಮೆರಿಕನ್ ನಾಟಕಕಾರ ಫ್ರಾಂಕ್ ಚಿನ್ ಕಟುವಾಗಿ ಬರೆದರು. ಯಾರಿಗಾಗಿ ಬರೆಯುತ್ತಿದ್ದೀರಿ ಎಂಬ ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಭಾರತಿ ಮುಖರ್ಜಿ ತಮ್ಮನ್ನು ಇಂಡಿಯನ್-ಅಮೆರಿಕನ್ ಎಂದು ಕರೆಯುವುದನ್ನು ಒಪ್ಪದೆ, ತಾನು ಅಮೆರಿಕನ್ ಲೇಖಕಿ ಎಂದರು. ಅವರ 'ಜಾಸ್ಮಿನ್' (1989) ಕಾದಂಬರಿಯ ನಾಯಕಿ ಪಂಜಾಬಿನ ಹಳ್ಳಿಯಲ್ಲಿ ಜ್ಯೋತಿ, ಗಂಡನಿಗೆ ಜಾಸ್ಮಿನ್, ನ್ಯೂಯಾರ್ಕಿನಲ್ಲಿ ಜೇಸ್, ಅಯೋವಾದ ಹೊಲಗಳ ನಡುವೆ ಜೇನ್. ಪ್ರತಿ ಹೆಸರಿಗೂ ಒಂದು ಹೊಸ ಜನ್ಮ. ಅದರ ಕಸುವು ದೊಡ್ಡದು. ಆದರೆ ಆಲದ ಮರದ ಕೆಳಗೆ ಜ್ಯೋತಿಷಿ ವೈಧವ್ಯ ನುಡಿಯುವ ಹಳ್ಳಿ ಅಲ್ಲಿ ತೆಳುವಾಗಿದೆ, ಬಿಟ್ಟುಬರಲಿಕ್ಕೆಂದೇ ಕಟ್ಟಿದಂತಿದೆ. ಹಳ್ಳಿಯನ್ನು ಕತ್ತಲು ಮಾಡಿದಷ್ಟೂ ಅಮೆರಿಕ ಬೆಳಗುತ್ತದೆ. ಅಂಥ ಕಡೆ ಓದುಗರು ಸ್ವಲ್ಪ ನಿಂತು ನೋಡಬೇಕು.

ಇವೆಲ್ಲವೂ ಇಂಗ್ಲಿಷಿನಲ್ಲಿ, ಬಹುಪಾಲು ಅಮೆರಿಕದ ಓದುಗರಿಗೆ ಬರೆದವು. ಅಮೆರಿಕದಲ್ಲಿ ಕುಳಿತು, ಊರಿನವರಿಗಾಗಿ, ಊರಿನ ಭಾಷೆಯಲ್ಲಿ ಬರೆದರೆ ಏನಾಗುತ್ತದೆ? ಅದಕ್ಕೆ ನಮ್ಮಲ್ಲೇ ಒಂದು ಕಥೆ ಇದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿ, 1993ರಲ್ಲಿ ಅಲ್ಲೇ ತೀರಿಕೊಂಡ ಎ.ಕೆ. ರಾಮಾನುಜನ್ ಅವರ 'ಅಣ್ಣಯ್ಯನ ಮಾನವಶಾಸ್ತ್ರ'. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯ ಮಹಡಿಯ ಕೋಣೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಅವರು ಈ ಕಥೆಗೆ ಕನ್ನಡವನ್ನೇ ಆರಿಸಿಕೊಂಡರು.

ಇಲ್ಲಿ ಮಗ ಸಂಪ್ರದಾಯದಿಂದ ಓಡುವುದಿಲ್ಲ. ಮೈಸೂರಿನಲ್ಲಿದ್ದಾಗ ಅಣ್ಣಯ್ಯನಿಗೆ ಪಶ್ಚಿಮದ ಕಡೆ ಕುತೂಹಲ, ಅಮೆರಿಕಕ್ಕೆ ಹೋದ ಮೇಲೆ ತನ್ನವರ ಆಚಾರ ವಿಚಾರಗಳ ಕಡೆ ಕುತೂಹಲ. ಅಲ್ಲಿನ ಗ್ರಂಥಾಲಯದಲ್ಲಿ ಹಿಂದೂಗಳ ಬಗ್ಗೆ ಅಮೆರಿಕನ್ನರು ಬರೆದ ಪುಸ್ತಕಗಳನ್ನು ಹುಡುಕಿ ಹುಡುಕಿ ಓದುತ್ತಾನೆ. ಮನೆಯಲ್ಲಿ ಅಜ್ಜಿ ಹೇಳುತ್ತಿದ್ದಾಗ ಕಿವಿಗೆ ಬೀಳದ ಮಡಿ ಮೈಲಿಗೆಯ ಮಾತುಗಳು ಈಗ ಅಚ್ಚಿನಲ್ಲಿ ಅರ್ಥವಾಗತೊಡಗುತ್ತವೆ. ಒಂದು ದಿನ ಅಂಥದೇ ಪುಸ್ತಕದಲ್ಲಿ ಅಪರ ಕ್ರಿಯೆಯ ವಿವರಣೆ, ಜೊತೆಗೆ ಛಾಯಾಚಿತ್ರಗಳು. ತೆಗೆದವನು ಹುಣಸೂರಿನಲ್ಲಿ ಸ್ಟುಡಿಯೊ ಇಟ್ಟಿದ್ದ, ಅವನದೇ ಬಂಧು. ಚಿತೆಯ ಚಿತ್ರದಲ್ಲಿರುವ ಮುಖ ಅಣ್ಣಯ್ಯನ ತಂದೆಯದು. ಪುಟ ತಿರುಗಿಸಿದರೆ ಹಿಂದೂ ವಿಧವೆಗೆ ಉದಾಹರಣೆಯಾಗಿ ತಲೆ ಬೋಳಿಸಿಕೊಂಡ ಒಬ್ಬ ಹೆಂಗಸು. ಅದು ಅವನ ತಾಯಿ. ದೂರದಲ್ಲಿ ಓದುತ್ತಿರುವ ಹುಡುಗ ಕಂಗೆಡಬಾರದು ಎಂದು ಮನೆಯವರು ಸಾವಿನ ಸುದ್ದಿಯನ್ನೇ ತಿಳಿಸಿರಲಿಲ್ಲ. ಊರಿನಿಂದ ಬಂದ ಕಾಗದಗಳಲ್ಲಿ ಇಲ್ಲದ್ದು ಷಿಕಾಗೊದ ಕಪಾಟಿನಲ್ಲಿತ್ತು, ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ವಿವರಣೆಯೂ ಇತ್ತು.